ಷಡ್ಡಕನ ಕಾರು

ಮಾವ ಹಂಗಿಸಲು ಶುರುಮಾಡಿದರೆ ಹಲ್ಲುಮೇಸ್ತ್ರಿ ಅವರ ಮಾತು ಕೇಳುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಅವನದೇ ಕೈಕೆಲಸ. ಆ ಬಾಯಿ ಎಷ್ಟೇ ವಿಷ ಕಾರಲಿ, ಒಂದು ಹಲ್ಲೂ ಅಲುಗುತ್ತಿರಲಿಲ್ಲ, ಒಂದು ಅಕ್ಷರವೂ ಸೀಟಿ ಹೊಡೆಯುತ್ತಿರಲಿಲ್ಲ. ತಾನೇ ಮಾಡಿಕೊಟ್ಟ ಹಲ್ಲಿನಿಂದ ತಾನೇ ಕಚ್ಚಿಸಿಕೊಳ್ಳುವ ಯೋಗ ಎಲ್ಲ ಅಳಿಯಂದಿರಿಗೂ ಬರುವುದಿಲ್ಲ.

ಅವನು ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ವಸಡಿನ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಕಟ್ಟಿ, ಎಲ್ಲಿ ಕೂದಲೆಳೆಯಷ್ಟು ಎತ್ತರವಾಗಿದೆ ಎಂದು ನೀಲಿ ಕಾಗದ ಕಚ್ಚಿಸಿ ನೋಡಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುವವನು. ಹೆಸರು ಡಾಕ್ಟರಿಗೆ, ಧೂಳು ಇವನಿಗೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿನ ಕಪಾಟುಗಳಲ್ಲಿ ಊರವರ ದವಡೆಗಳು ಸಾಲಾಗಿ ಕೂತು, ಬಂದವರನ್ನು ನೋಡಿ ಹಲ್ಲು ಕಿರಿಯುತ್ತಿದ್ದವು.

'ಹಲ್ಲುಮೇಸ್ತ್ರಿ' ಎಂದು ಹೆಸರಿಟ್ಟವನು ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಅವನು ಕಟ್ಟಡದ ಕಂಟ್ರಾಕ್ಟರು. ಅವನ ಲೆಕ್ಕದಲ್ಲಿ ಮೇಸ್ತ್ರಿ ಎಂದರೆ ಬಿಸಿಲಲ್ಲಿ ನಿಂತು ಬೈಸಿಕೊಳ್ಳುವವನು. ಹೆಸರು ಅಂಟಿಕೊಂಡಿತು. ಈಗೀಗ ಹೆಂಡತಿಯೂ ಸಿಟ್ಟು ಬಂದರೆ ಹಾಗೇ ಕರೆಯುತ್ತಿದ್ದಳು.

ಮಾವ ನಿವೃತ್ತ ಜಡ್ಜು. ಕೋರ್ಟು ಅವರನ್ನು ಬಿಟ್ಟಿತ್ತು, ಅವರು ಕೋರ್ಟನ್ನು ಬಿಟ್ಟಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಮನೆಯಲ್ಲಿ ಅಡುಗೆಯವನೊಬ್ಬನನ್ನು ಇಟ್ಟುಕೊಂಡು, ಅವನು ಮಾಡಿದ ಅಡುಗೆಯ ಮೇಲೆ ದಿನಕ್ಕೆರಡು ತೀರ್ಪು ಕೊಡುತ್ತಿದ್ದರು. ಹಿರಿಯ ಮಗಳ ಮನೆಗೆ ವಾರಕ್ಕೊಮ್ಮೆ ಹೋಗುವರು. ಕಿರಿಯವಳ ಮನೆಗೆ, ಅವಳ ಮದುವೆಯಾದಂದಿನಿಂದ, ಒಮ್ಮೆಯೂ ಕಾಲಿಟ್ಟವರಲ್ಲ.

ಮೊದಮೊದಲು, "ಆ ದವಡೆಗಳ ಮಧ್ಯೆ ಕೂತು ನನಗೆ ಗಂಟಲಲ್ಲಿ ತುತ್ತು ಇಳಿಯುತ್ತೇನಮ್ಮ?" ಎನ್ನುತ್ತಿದ್ದರು. ಆಮೇಲೆ ಆಕ್ಷೇಪಣೆ ಬದಲಾಯಿತು. "ಬಾಡಿಗೆ ಕಾರು ಹಿಡಿದು ಮಗಳ ಮನೆಗೆ ಬರೋಕೆ ನಾನೇನು ಸಾಕ್ಷಿದಾರನಾ?" ಹಿರಿಯ ಅಳಿಯನ ಕಾರಿತ್ತಲ್ಲ ಎಂದರೆ, ಒಬ್ಬ ಅಳಿಯನ ಕಾರಲ್ಲಿ ಇನ್ನೊಬ್ಬ ಅಳಿಯನ ಮನೆಗೆ ಹೋಗುವುದು ಇಬ್ಬರಿಗೂ ಶೋಭೆಯಲ್ಲ ಎನ್ನುವರು. ಕೊನೆಗೊಂದು ಭಾನುವಾರ ಎಲ್ಲರ ಮುಂದೆ ತೀರ್ಪು ಬಂತು: "ನಿನ್ನ ಗಂಡ ಒಂದು ಮರ್ಯಾದೆಯ ಕಾರು ತಗೊಳ್ಳಲಿ. ಬರ್ತೀನಿ, ಊಟ ಮಾಡ್ತೀನಿ. ಮಾತು ಅಂದ್ರೆ ಮಾತು."

ಅಂದಿನಿಂದ ಹೆಂಡತಿ ಹೊಸ ತಟ್ಟೆಗಳ ಒಂದು ಸೆಟ್ಟನ್ನು ಕಪಾಟಿನ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದಳು. ಯಾರೇ ನೆಂಟರು ಬರಲಿ, ಅದು ಕೆಳಗಿಳಿಯುತ್ತಿರಲಿಲ್ಲ. "ಅದು ಅಪ್ಪನಿಗೆ" ಎನ್ನುವಳು. ಅಪ್ಪ ಒಂದು ಸಲ ಬಂದು ಹೋದರೆ ಅಕ್ಕನ ಎದುರು ತಲೆ ಎತ್ತಿ ಮಾತಾಡಬಹುದು ಎಂಬುದು ಅವಳ ಬದುಕಿನ ಏಕೈಕ ಅರ್ಜಿಯಾಗಿತ್ತು. ಅದಕ್ಕೆ ಬೇಕಾಗಿದ್ದ ದಾಖಲೆ ಕಾರೊಂದೇ.

ಹೀಗಿರುವಾಗ ಕಂಟ್ರಾಕ್ಟರು ತನ್ನ ಕಾರು ಮಾರುತ್ತೇನೆಂದ.

ಅದು ಎಂಥ ಕಾರು! ಕಪ್ಪು ಬಣ್ಣ, ಹೊರದೇಶದ್ದು, ಉದ್ದವೆಂದರೆ ಮುಂದಿನ ದೀಪ ತಿರುವು ದಾಟಿ ಎಷ್ಟೋ ಹೊತ್ತಿನ ಮೇಲೆ ಹಿಂದಿನ ದೀಪ ಬರುತ್ತಿತ್ತು. ಬಾಗಿಲನ್ನು ಮೆಲ್ಲಗೆ ತಳ್ಳಿದರೆ ಸಾಕು, ಉಳಿದದ್ದನ್ನು ತಾನೇ ಎಳೆದುಕೊಂಡು ಮುಚ್ಚಿಕೊಳ್ಳುತ್ತಿತ್ತು.

"ಹೊಸದು ಬುಕ್ ಮಾಡಿದ್ದೀನಿ ಕಣೋ ಮೇಸ್ತ್ರಿ," ಎಂದ ಕಂಟ್ರಾಕ್ಟರು, ಮಾವನ ಮನೆಯ ಅಂಗಳದಲ್ಲಿ ಕಾರಿಗೆ ಒರಗಿ ನಿಂತು. "ಇದನ್ನ ದಲ್ಲಾಳಿ ಕೈಗೆ ಕೊಡೋಕೆ ಮನಸ್ಸಿಲ್ಲ. ಮನೇದು ಮನೇಲೇ ಇರಲಿ."

"ನನ್ನ ಯೋಗ್ಯತೆಗೆ ಇದು ಎಲ್ಲಿಂದ ಭಾವ?"

ಕಂಟ್ರಾಕ್ಟರು ಬೆಲೆ ಹೇಳಿದ. ಆ ಬೆಲೆಗೆ ಇದರ ಅರ್ಧ ಉದ್ದದ ಕಾರೂ ಬರುತ್ತಿರಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ಗಾದೆಯಿದ್ದರೂ, ಹಲ್ಲು ಎಣಿಸುವುದೇ ಕಸುಬಾದವನು ಏನು ಮಾಡಬೇಕು? ಕಾರಿನ ಸುತ್ತ ನಿಧಾನವಾಗಿ ಬಂದ. ಬಾಗಿಲಿಗೂ ಮೈಗೂ ನಡುವಿನ ಸಂದಿನಲ್ಲಿ ಉಗುರು ಆಡಿಸಿದ. ಬಲಗಡೆಯ ಹಿಂದಿನ ಬಾಗಿಲಿನ ಹತ್ತಿರ ನಿಂತು ಲೊಚಗುಟ್ಟಿದ.

"ಇಲ್ಲಿ ಒಂದು ಕೂದಲೆಳೆ ಜಾಸ್ತಿ ಇದೆ ಭಾವ. ಎಲ್ಲೋ ತಾಗಿಸಿ ಸರಿಮಾಡಿಸಿದ್ದೀರಿ."

"ಅಯ್ಯೋ ನಿನ್ನ! ಕಾರಿಗೂ ಹಲ್ಲುಸೆಟ್ಟು ಹಾಕ್ತೀಯೇನೋ? ಆಯ್ತು, ಇನ್ನೊಂದಿಷ್ಟು ಇಳಿಸಿಕೋ."

ಅಷ್ಟು ಸುಲಭವಾಗಿ ಇಳಿದದ್ದು ತನ್ನ ಕಣ್ಣಿನ ಮಹಿಮೆ ಎಂದುಕೊಂಡ ಮೇಸ್ತ್ರಿ. ಮೀಸೆ ಇದ್ದಿದ್ದರೆ ತಿರುವುತ್ತಿದ್ದ. ಕಂಟ್ರಾಕ್ಟರು ಮಾತ್ರ ನಿಟ್ಟುಸಿರು ಬಿಟ್ಟು, "ನನ್ನ ಡ್ರೈವರ್ ಬೇರೆ ಬಿಟ್ಟು ಹೋದ. ಮಾವನ್ನ ಕಣ್ಣಾಸ್ಪತ್ರೆಗೆ, ಕ್ಲಬ್ಬಿಗೆ ಅಂತ ದಿನಾ ಯಾರು ಕರ್ಕೊಂಡು ಹೋಗ್ತಾರೋ ಗೊತ್ತಿಲ್ಲ," ಎಂದ. ಮೇಸ್ತ್ರಿಗೆ ಅದು ಬರಿಯ ಗೊಣಗಾಟದಂತೆ ಕೇಳಿಸಿತು. ಹೆಂಡತಿ ಬಳೆ ಬಿಚ್ಚಿಕೊಟ್ಟಳು. ಹೊಳಪು ಕೊಡುವ ಹೊಸ ಯಂತ್ರಕ್ಕೆಂದು ಕೂಡಿಟ್ಟಿದ್ದು ಅದರ ಜೊತೆ ಹೋಯಿತು. ಯಂತ್ರ ಬರುತ್ತೆ, ಹೋಗುತ್ತೆ; ಮಾವ ಬರುವುದು ಒಂದೇ ಸಲ.

ಕಾರು ಮನೆಗೆ ಹೊರಟ ಸಂಜೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಾರು ಕಾಣಿಸಲಿಲ್ಲ, ಹಾರ್ನು ಕೇಳಿಸಿತು. ಹಾರ್ನು ಇನ್ನೊಮ್ಮೆ ಕೇಳಿಸಿತು. ಆಮೇಲೆ ಗಲ್ಲಿಯ ಮೂಲೆಯಿಂದ ಜನರ ನಗು.

ಮುಖ್ಯರಸ್ತೆಯಿಂದ ಗಲ್ಲಿಗೆ ತಿರುಗುವಲ್ಲಿ ಒಂದು ಕಡೆ ಟೈರ್ ಅಂಗಡಿಯ ಗೋಡೆ, ಇನ್ನೊಂದು ಕಡೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸಿನ ಮೇಜು. ಕಾರಿನ ಮೂತಿ ಎರಡರ ನಡುವೆ ಬಂದು, ಇನ್ನು ಮುಂದಕ್ಕೆ ದಾರಿಯಿಲ್ಲವೆಂದು ಸಭ್ಯವಾಗಿ ಕುಂಯ್ ಕುಂಯ್ ಎನ್ನುತ್ತಿತ್ತು. ಮೇಸ್ತ್ರಿ ಕನ್ನಡಿಗಳನ್ನು ಮಡಿಚಿದ. ಹಿಂದೆ ಹೋಗಿ, ಓರೆಯಾಗಿ ಬಂದ. ಕುಂಯ್.

"ಏನ್ ಸಾರ್, ಕಾರು ತಂದ್ರೋ ಹಡಗು ತಂದ್ರೋ?" ಎಂದಳು ಇಸ್ತ್ರಿಯವಳು.

"ನಿನ್ನ ಮೇಜು ತೆಗಿ ಮೊದಲು!"

"ತೆಗೀತೀನಿ, ಅದಕ್ಕೇನು. ಗೋಡೆ ಯಾರು ತೆಗೀತಾರೆ?"

ದಿನವಿಡೀ ಕೂದಲೆಳೆಯ ಸಂದು ಅಳೆಯುವ ಮನುಷ್ಯ ತಾನು ಹುಟ್ಟಿ ಬೆಳೆದ ಗಲ್ಲಿಯನ್ನು ಅಳೆದಿರಲಿಲ್ಲ. ಆ ಗಲ್ಲಿಯಲ್ಲಿ ಅವನು ನಡೆದಿದ್ದ, ಓಡಿದ್ದ, ಸೈಕಲ್ಲಿನಿಂದ ಬಿದ್ದಿದ್ದ, ಮದುವೆಯಾಗಿ ಹೆಂಡತಿಯನ್ನು ಕರೆತಂದಿದ್ದ. ಅದು ಕಿರಿದೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ದೊಡ್ಡದೇನೂ ಅಲ್ಲಿಗೆ ಬಂದಿರಲಿಲ್ಲವಲ್ಲ.

ಸೋಲು ಒಪ್ಪಿಕೊಳ್ಳಲು ಅವನಿಗೆ ಕೆಲವು ವಾರ ಹಿಡಿಯಿತು; ಅಲ್ಲಿಯವರೆಗೆ ಕಾರು ಮುಖ್ಯರಸ್ತೆಯ ಬದಿಯಲ್ಲಿ ದಂಡ ತೆರುತ್ತಾ ನಿಂತಿತ್ತು. ಅಷ್ಟರಲ್ಲಿ ನಗರಸಭೆಗೆ ದೂರು ಕೊಟ್ಟು ಇಸ್ತ್ರಿಯವಳ ಮೇಜನ್ನು ಎತ್ತಿಸಿದ್ದ. ಅವಳು ಗಂಡ ಸತ್ತ ಮೇಲೆ ಅದೇ ಜಾಗದಲ್ಲಿ ನಿಂತು ಮಕ್ಕಳನ್ನು ಸಾಕಿದವಳು. ಬಂದವರು ಮೇಜಿನ ಕಾಲು ಮುರಿದು ಲಾರಿಗೆ ಎಸೆದರು. ಅವಳು ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಮೇಸ್ತ್ರಿಯ ಬಾಗಿಲಲ್ಲಿ ನಿಂತಳು. ಕೂಗಾಡುತ್ತಾಳೆಂದು ಅವನು ಕಾದ. ಅವಳು ಕೂಗಾಡಲಿಲ್ಲ.

"ನನ್ನ ಮೇಜು ಹೋಯ್ತು. ನಿಮ್ಮ ಕಾರು ಬಂತಾ ಸಾರ್?" ಎಂದು ಕೇಳಿ ಹೊರಟುಹೋದಳು.

ಕಾರು ಬಂದಿರಲಿಲ್ಲ. ಮೇಜು ಹೋದ ಮೇಲೂ ಒಂದು ಗೇಣು ಸಾಲದೆ ಹೋಯಿತು.

"ಅದಕ್ಕೇನಂತೆ," ಎಂದ ಕಂಟ್ರಾಕ್ಟರು, ಕೇಳಿದ ಕೂಡಲೇ, ಉತ್ತರ ಜೇಬಿನಲ್ಲೇ ಇಟ್ಟುಕೊಂಡಿದ್ದವನ ಹಾಗೆ. "ಮಾವನ ಮನೇಲಿ ಶೆಡ್ ಖಾಲಿ ಇದೆಯಲ್ಲ. ಮೊದಲೂ ಅಲ್ಲೇ ನಿಲ್ತಾ ಇತ್ತು. ಅದಕ್ಕೂ ಅಭ್ಯಾಸ."

ಜಡ್ಜು ಮಾವ ಜಾಮೀನು ಕೊಟ್ಟಂತೆ ಒಪ್ಪಿಗೆ ಕೊಟ್ಟರು. "ನಿಲ್ಲಿಸಿಕೊ. ಆದರೆ ಕೀ ಇಲ್ಲೇ ಗೂಟದಲ್ಲಿರಲಿ. ನನ್ನ ಆವರಣದಲ್ಲಿರೋ ವಸ್ತು ನನ್ನ ಸುಪರ್ದಿಯಲ್ಲಿರಬೇಕು."

ಹೀಗೆ ಮೇಸ್ತ್ರಿ ತನ್ನ ಕಾರಿನಲ್ಲಿ ಕೂರಬೇಕಾದರೆ ಬಸ್ಸು ಹಿಡಿದು ಮಾವನ ಮನೆಗೆ ಹೋಗಿ, ಗೇಟಿನ ಹೊರಗೆ ನಿಂತು ಅಡುಗೆಯವನನ್ನು ಕೂಗಿ, ಕೀ ಇಸಿದುಕೊಳ್ಳಬೇಕಾಯಿತು. ಹೋದವನನ್ನು ಮಾವ ಸುಮ್ಮನೆ ಕಳಿಸುತ್ತಿರಲಿಲ್ಲ. "ಹೇಗೂ ಬಂದಿದ್ದೀಯಲ್ಲ" ಎಂಬುದು ಅವರ ಪೀಠಿಕೆ. ಹೇಗೂ ಬಂದಿದ್ದೀಯಲ್ಲ, ಕಣ್ಣಾಸ್ಪತ್ರೆಗೆ ಬಿಡು. ಹೇಗೂ ಬಂದಿದ್ದೀಯಲ್ಲ, ಕ್ಲಬ್ಬಿಗೆ ಹೋಗೋಣ. ಬರಬರುತ್ತಾ ಬರದಿದ್ದ ದಿನ ಫೋನು ಬರತೊಡಗಿತು: "ಯಾಕೆ ಬಂದಿಲ್ಲ?" ಹೆಂಡತಿಯ ಅಕ್ಕನ ಫೋನು ಬೇರೆ, ಅವಳಿಗೆ ಅಪ್ಪನನ್ನು ನೋಡಿಕೊಳ್ಳುವ ಕಾಳಜಿ ಈಗ ದುಪ್ಪಟ್ಟಾಗಿತ್ತು. ಅಪ್ಪನನ್ನು ಕ್ಲಬ್ಬಿಗೆ ಬಿಟ್ಟ ಮೇಲೆ, ಹೇಗೂ ಆ ಕಡೆ ಬಂದಿರುತ್ತಾನಲ್ಲ, ತನ್ನ ಮಕ್ಕಳನ್ನೂ ಸಂಗೀತದ ಕ್ಲಾಸಿಗೆ ಬಿಡಲಿ ಎನ್ನುವಳು. ದವಡೆಗಳು ಅರ್ಧಕ್ಕೆ ನಿಂತವು. ಡಾಕ್ಟರುಗಳು ಬೇರೆಯವರನ್ನು ಹುಡುಕಿಕೊಂಡರು. ಆ ಕಾರು ಕುಡಿಯುವ ಪೆಟ್ರೋಲಿಗೆ ಆನೆಯೇ ವಾಸಿ. ಆನೆ ಲದ್ದಿಯನ್ನಾದರೂ ಕೊಡುತ್ತದೆ.

ಇನ್ನೂ ಒಂದು ಸಂಗತಿ ಅವನಿಗೆ ತಡವಾಗಿ ಹೊಳೆಯಿತು. ಆ ಕಾರಿನ ಸುಖವೆಲ್ಲ ಹಿಂದಿನ ಸೀಟಿನಲ್ಲಿತ್ತು. ಕಾಲು ಚಾಚಲು ಮಣೆ, ಬೆನ್ನು ತಿಕ್ಕುವ ಯಂತ್ರ, ಗುಂಡಿ ಒತ್ತಿದರೆ ಏಳುವ ಪರದೆ, ಎಲ್ಲ ಹಿಂದೆಯೇ. ಮುಂದೆ ಇದ್ದದ್ದು ಸ್ಟಿಯರಿಂಗು. ಮಾಡಿದವನೇ ಯಜಮಾನ ಎಲ್ಲಿ ಕೂರುತ್ತಾನೆಂದು ತೀರ್ಮಾನಿಸಿಬಿಟ್ಟಿದ್ದ.

ಒಂದು ಮಧ್ಯಾಹ್ನ ಮಾವ ಕ್ಲಬ್ಬಿನೊಳಗೆ ಇಸ್ಪೀಟು ಆಡುತ್ತಿದ್ದಾಗ ಮೇಸ್ತ್ರಿ ಹಿಂದಿನ ಬಾಗಿಲು ತೆರೆದು, ತನ್ನ ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಮೊದಲ ಬಾರಿಗೆ ಕೂತ. ಗುಂಡಿ ಒತ್ತಿದ. ಸೀಟು ಅವನನ್ನು ಮಗುವಿನಂತೆ ಎತ್ತಿ ಹಿಂದಕ್ಕೆ ಒರಗಿಸಿತು. ಕಣ್ಣು ಮುಚ್ಚುವಷ್ಟರಲ್ಲಿ ಗಾಜಿನ ಮೇಲೆ ಲಾಠಿಯ ತುದಿ ಟಕಟಕ ಎಂದಿತು. ಕ್ಲಬ್ಬಿನ ಕಾವಲುಗಾರ.

"ಏಯ್! ಸಾಹೇಬ್ರ ಸೀಟಲ್ಲಿ ಮಲಗಿದ್ದೀಯಾ? ಇಳಿ, ಇಳಿ!"

ಮರದ ನೆರಳಲ್ಲಿ ಕೂತಿದ್ದ ಉಳಿದ ಡ್ರೈವರುಗಳು ತಲೆಯೆತ್ತಿ ನೋಡಿದರು. ಇದು ನನ್ನ ಕಾರು ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ತೊಟ್ಟಿದ್ದ ಅಂಗಿಯ ಮೇಲೆ ಪ್ಲಾಸ್ಟರ್ ಪುಡಿಯಿತ್ತು. ಆ ಮಾತು ಹೇಳಿದರೆ ಅವರೆಲ್ಲ ಬಿದ್ದು ಬಿದ್ದು ನಗುತ್ತಾರೆಂದು ಅವನಿಗೆ ತಿಳಿಯಿತು.

"ಸೀಟು ಒರೆಸ್ತಾ ಇದ್ದೆ," ಎಂದ.

"ಬೆನ್ನಿಂದಾನಾ?" ಎಂದ ಕಾವಲುಗಾರ. ಡ್ರೈವರುಗಳು ನಕ್ಕು, ನೆರಳಲ್ಲಿ ಅವನಿಗೂ ಜಾಗ ಬಿಟ್ಟರು.

ಕಂಟ್ರಾಕ್ಟರು ತನ್ನ ಹೊಸ ಕಾರು ಬಂದ ಸಂತೋಷಕ್ಕೆ ಮನೆಯಲ್ಲಿ ಊಟವಿಟ್ಟುಕೊಂಡಿದ್ದ. ನೆಂಟರಲ್ಲಿ ಯಾರೋ, "ಹಳೆಯದನ್ನ ಅಷ್ಟು ಕಮ್ಮಿಗೆ ಕೊಟ್ರಂತಲ್ಲ, ನಷ್ಟ ಅಲ್ವಾ?" ಎಂದರು. ಮೇಸ್ತ್ರಿ ಅಲ್ಲೇ ತಟ್ಟೆ ಹಿಡಿದು ನಿಂತಿದ್ದ.

"ನಾನೆಲ್ಲಿ ಕಾರು ಮಾರಿದೆ?" ಎಂದ ಕಂಟ್ರಾಕ್ಟರು, ಅವನ ಹೆಗಲ ಮೇಲೆ ಕೈಹಾಕಿ. "ಒಬ್ಬ ಡ್ರೈವರನ್ನ ಇಟ್ಕೊಂಡೆ. ಅವನೇ ನನಗೆ ದುಡ್ಡು ಕೊಟ್ಟ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಕ್ಕರು, ಎಲ್ಲ ಹಲ್ಲುಗಳೂ ಕಂಡವು. ಮೇಸ್ತ್ರಿಯೂ ನಕ್ಕ, ನಗದಿದ್ದರೆ ಇನ್ನೇನು ಮಾಡುವುದೆಂದು ತೋಚದೆ. ನಗದೆ ಉಳಿದವಳು ಅವನ ಹೆಂಡತಿ ಒಬ್ಬಳೇ. ಅಕ್ಕ ಅವಳ ತಟ್ಟೆಗೆ ಇನ್ನಷ್ಟು ಬಡಿಸುತ್ತಾ, "ಹೋಗಲಿ ಬಿಡೇ, ನಿನಗೂ ಒಂದು ಕಾರು ಅಂತಾಯ್ತಲ್ಲ," ಎಂದಳು.

ಗಂಡ ಹೆಂಡತಿ ಬಸ್ಸು ಹಿಡಿದು ಮನೆಗೆ ಬಂದರು. ಚಪ್ಪಲಿ ಬಿಡುತ್ತಾ ಅವಳೆಂದಳು: "ಅದೆಲ್ಲ ನನಗೆ ಗೊತ್ತಿಲ್ಲರೀ. ಅಪ್ಪನ ಷರತ್ತು ಮುಗೀತು. ಕಾರು ಬಂತು. ಅವರನ್ನ ಕರ್ಕೊಂಡು ಬನ್ನಿ."

"ಗಲ್ಲಿ..."

"ನಾಲ್ಕು ಹೆಜ್ಜೆ ನಡೀತಾರೆ. ಮಗಳ ಮನೆಗೆ ನಾಲ್ಕು ಹೆಜ್ಜೆ ನಡೆದ್ರೆ ಕಾಲು ಸವೆಯಲ್ಲ."

ಮರುದಿನ ಕಣ್ಣಾಸ್ಪತ್ರೆಯ ದಾರಿಯಲ್ಲಿ ಮೇಸ್ತ್ರಿ ಕನ್ನಡಿಯಲ್ಲಿ ಮಾವನ ಮುಖ ನೋಡಿ ಮಾತು ತೆಗೆದ. ಅವರು ಬೇಡವೆನ್ನುತ್ತಾರೆಂದುಕೊಂಡಿದ್ದ. ಅವರು, "ಕೊಟ್ಟ ಮಾತಿಗೆ ನಾನು ತಪ್ಪಿದ್ದುಂಟೇನಯ್ಯಾ? ಈ ಭಾನುವಾರ ಬರ್ತೀನಿ," ಎಂದರು. ಆಸ್ಪತ್ರೆಯ ಬಾಗಿಲಲ್ಲಿ ಕಾರಿನಿಂದ ಇಳಿಯುವಾಗ, "ಕೋಳಿ ಮೆತ್ತಗೆ ಬೇಯಿಸೋಕೆ ಹೇಳು. ನಿನ್ನ ಹಲ್ಲನ್ನ ನಂಬೋಕಾಗಲ್ಲ," ಎಂದೂ ಸೇರಿಸಿದರು.

ಆ ವಾರ ಆ ಮನೆಯಲ್ಲಿ ಕೆಲಸವೇ ನಡೆಯಲಿಲ್ಲ. ದವಡೆಗಳೆಲ್ಲ ಡಬ್ಬ ಸೇರಿ ಮಂಚದ ಕೆಳಗೆ ಹೋದವು. ಹೊಳಪು ಕೊಡುವ ಹಳೆಯ ಯಂತ್ರಕ್ಕೆ ಹಾಸಿಗೆಯ ಹೊದಿಕೆ ಮುಚ್ಚಿದರು. ಗೋಡೆಗೆ ಸುಣ್ಣ ಬಿತ್ತು. ಭಾನುವಾರ ಬೆಳಿಗ್ಗೆ ಹೆಂಡತಿ ಮನೆಯ ಹೊಸಿಲಿನಿಂದ ಹಿಡಿದು ಗಲ್ಲಿಯ ಮೂಲೆಯವರೆಗೆ, ಬೇರೆಯವರ ಬಾಗಿಲುಗಳನ್ನೂ ಸೇರಿಸಿ, ತಾನೇ ಗುಡಿಸಿ ನೀರು ಹಾಕಿ ತೊಳೆದಳು. "ಯಾರು ಬರ್ತಾರಮ್ಮ?" ಎಂದು ಕೇಳಿದವರಿಗೆಲ್ಲ "ನಮ್ಮಪ್ಪ" ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಹೊಸ ತಟ್ಟೆಗಳು ಬಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಕೂತವು.

ಕಾರು ಗಲ್ಲಿಯ ಬಾಯಲ್ಲಿ ಬಂದು ನಿಂತಿತು. ಮೇಸ್ತ್ರಿ ಇಳಿದು ಬಂದು ಹಿಂದಿನ ಬಾಗಿಲು ತೆರೆದ. ಇಷ್ಟು ದಿನದಲ್ಲಿ ಅದು ಕೈಗೆ ಅಭ್ಯಾಸವಾಗಿತ್ತು. ಜಡ್ಜು ಮಾವ ಇಳಿಯಲಿಲ್ಲ. ಕುತ್ತಿಗೆ ಚಾಚಿ ಗಲ್ಲಿಯನ್ನು ನೋಡಿದರು. ಅದರ ಆ ತುದಿಯಲ್ಲಿ, ತೆರೆದ ಬಾಗಿಲ ಮುಂದೆ, ಹೊಸ ಬಟ್ಟೆ ಉಟ್ಟ ಮಗಳು ನಿಂತಿದ್ದಳು.

"ಕಾರು ಒಳಗೆ ಹೋಗಲ್ವಾ?"

"ಇಲ್ಲ ಮಾವ. ಇಲ್ಲೇ, ನಾಲ್ಕೇ ಹೆಜ್ಜೆ..."

"ಬಾಗಿಲು ಹಾಕು. ಬಿಸಿಲು ಬರತ್ತೆ."

ಬಾಗಿಲು ತಾನೇ ಎಳೆದುಕೊಂಡು ಮುಚ್ಚಿಕೊಂಡಿತು. ಮೇಸ್ತ್ರಿ ಹೊರಗೆ ನಿಂತ. ಗಾಜು ಒಂದು ಅಂಗುಲ ಇಳಿಯಿತು. "ಅವಳನ್ನ ಇಲ್ಲಿಗೇ ಕರಿ."

ಅವಳು ಕರೆಯುವ ಮೊದಲೇ ಬಂದಳು, ಮುಕ್ಕಾಲು ಓಡುತ್ತಾ. "ಬನ್ನಿ ಅಪ್ಪ. ಎಲ್ಲ ಬಿಸಿಬಿಸಿ ಇದೆ."

"ಊಟ ಇಲ್ಲಿಗೇ ತಗೊಂಡು ಬಾಮ್ಮ. ಇಲ್ಲೇ ಊಟ ಮಾಡ್ತೀನಿ. ತಣ್ಣಗಿದೆ, ಸುಖವಾಗಿದೆ."

"ಅಪ್ಪ, ಮನೆ ಕಾಣಿಸ್ತಾ ಇದೆಯಲ್ಲ. ಒಂದು ಸಲ ಒಳಗೆ ಬಂದು ಹೋಗಿ. ನಿಮ್ಮ ಕೈ ಹಿಡ್ಕೋತೀನಿ."

"ನಾನು ಏನು ಹೇಳಿದ್ದೆ? ನಿನ್ನ ಗಂಡ ಕಾರು ತಗೊಂಡ್ರೆ ಬರ್ತೀನಿ, ಊಟ ಮಾಡ್ತೀನಿ ಅಂದೆ. ತಗೊಂಡ. ಬಂದೆ. ಊಟ ತಂದ್ರೆ ಮಾಡ್ತೀನಿ. ಇದರಲ್ಲಿ ಹೊಸಿಲು ಅನ್ನೋ ಮಾತು ಎಲ್ಲಿತ್ತಮ್ಮ?"

ಅವಳು ಗಂಡನ ಕಡೆ ನೋಡಿದಳು. ಅವನು ಏನಾದರೂ ಅನ್ನಬಹುದೆಂದು ಕಾದಳು. ತುಂಬ ಹೊತ್ತೇನಲ್ಲ, ಒಬ್ಬ ಗಂಡಸು ಬಾಯಿ ತೆರೆಯಲು ಎಷ್ಟು ಹೊತ್ತು ಬೇಕೋ ಅಷ್ಟು. ಅವನು ಕಾರಿನ ಮೇಲೆ ಬಿದ್ದಿದ್ದ ಒಂದು ಎಲೆಯನ್ನು ಎತ್ತಿ ಪಕ್ಕಕ್ಕೆ ಹಾಕಿದ.

ಅವಳು ಮನೆಗೆ ಹೋಗಿ ತಟ್ಟೆ ತಂದಳು. ಮತ್ತೆ ಹೋಗಿ ಬಟ್ಟಲು ತಂದಳು. ಮತ್ತೆ ನೀರು. ಗಲ್ಲಿಯ ಎಲ್ಲ ಬಾಗಿಲುಗಳಲ್ಲೂ ಜನ ನಿಂತು, ಅವಳು ತೊಳೆದ ನೆಲದ ಮೇಲೆ ಅವಳು ಹೋಗಿ ಬರುವುದನ್ನು ನೋಡಿದರು. ಮಾವ ಮುಂದಿನ ಸೀಟಿನ ಬೆನ್ನಿನಿಂದ ಪುಟ್ಟ ಮೇಜೊಂದನ್ನು ಬಿಚ್ಚಿಕೊಂಡು ನಿಧಾನವಾಗಿ ಉಂಡರು. ಇಂಜಿನ್ನು ಓಡುತ್ತಿತ್ತು, ಒಳಗೆ ತಣ್ಣಗಿರಬೇಕಲ್ಲ. ಮಗಳು ಹೊರಗೆ ಗಾಜಿನ ಪಕ್ಕ ನಿಂತು, ಕೈ ಚಾಚಿದಾಗ ಬಡಿಸಿದಳು, ಗಾಜು ಏರಿದಾಗ ಕಾದಳು.

"ಉಪ್ಪು ಒಂದು ಕಲ್ಲು ಮುಂದಾಗಿದೆ," ಎಂದು ತೀರ್ಪಿತ್ತರು, ಬಾಯಿ ಒರೆಸಿಕೊಳ್ಳುತ್ತಾ. "ಉಳಿದಂತೆ ಚೆನ್ನಾಗಿತ್ತು. ಮಗಳ ಮನೆ ಊಟ ಆಯ್ತು. ನಡಿಯಯ್ಯಾ, ಮಲಗೋ ಹೊತ್ತು."

ಮೇಸ್ತ್ರಿ ಮುಂದೆ ಕೂತು ಬೆಲ್ಟು ಹಾಕಿಕೊಂಡ. ಅಷ್ಟರಲ್ಲಿ ಹಿಂದಿನ ಇನ್ನೊಂದು ಬಾಗಿಲು ತೆರೆಯಿತು. ಹೆಂಡತಿ ಎಂಜಲು ತಟ್ಟೆಯನ್ನು ಟೈರ್ ಅಂಗಡಿಯ ಗೋಡೆಯ ಬುಡದಲ್ಲಿಟ್ಟು, ಕೈ ಒರೆಸಿಕೊಂಡು, ಬಂದು ಅಪ್ಪನ ಪಕ್ಕದಲ್ಲಿ ಕೂತಳು.

"ಎಲ್ಲಿಗೆ?" ಎಂದ ಮೇಸ್ತ್ರಿ, ತಿರುಗಿ.

ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ಅಪ್ಪ, ಎರಡು ದಿನ ನಿಮ್ಮ ಮನೇಲಿರ್ತೀನಿ."

"ಇರಮ್ಮ. ನಿನ್ನ ಮನೆ ಅಲ್ವಾ?"

"ಬಾಗಿಲು ತೆರೆದಿದೆ ಕಣೇ. ಊಟ ಎಲ್ಲ ಮೇಜಿನ ಮೇಲೆ ಹಾಗೇ..." ಎಂದ ಮೇಸ್ತ್ರಿ.

ಅವಳು ತನ್ನ ಕಡೆಯ ಬಾಗಿಲನ್ನು ಮೆಲ್ಲಗೆ ತಳ್ಳಿದಳು. ಅವನು ಕಾರನ್ನು ಹಿಂದಕ್ಕೆ ತೆಗೆದು ಮುಖ್ಯರಸ್ತೆಗೆ ತಿರುಗಿಸಿದ. ಮಾವ ಮಗಳಿಗೆ ಗುಂಡಿಗಳನ್ನು ತೋರಿಸಿಕೊಟ್ಟರು: ಇದು ಕಾಲಿಗೆ, ಇದು ಬೆನ್ನಿಗೆ, ಇದು ಪರದೆಗೆ. ಬೆಳಗಿನ ಜಾವದಿಂದ ನಿಂತೇ ಇದ್ದವಳನ್ನು ಸೀಟು ಮೆಲ್ಲಗೆ ಎತ್ತಿ ಒರಗಿಸಿತು. ಕನ್ನಡಿಯಲ್ಲಿ ಮೇಸ್ತ್ರಿಗೆ ಅವಳ ಮುಖ ಸಡಿಲವಾಗುವುದು, ಕಣ್ಣು ಮುಚ್ಚುವುದು ಕಂಡಿತು.

"ಎಷ್ಟು ಸುಖವಾಗಿದೆ ಅಪ್ಪ ಇದು," ಎಂದಳು.

ಮುಂದಿನ ತಿರುವಿನಲ್ಲಿ ಚಕ್ರ ಒಂದು ಹಳ್ಳಕ್ಕಿಳಿದು ಎದ್ದಿತು. ಅವಳು ಕಣ್ಣು ತೆರೆಯಲಿಲ್ಲ.

"ಹಳ್ಳ-ಗುಂಡಿ ನೋಡ್ಕೊಂಡು ಓಡ್ಸೋಕೆ ಹೇಳಿ ಅಪ್ಪ."

"ಕೇಳಿಸ್ತೇನಯ್ಯಾ?" ಎಂದರು ಜಡ್ಜು ಮಾವ.

"ಕೇಳಿಸ್ತು," ಎಂದ ಮೇಸ್ತ್ರಿ. ಮುಂದೆ ಇನ್ನೊಂದು ಹಳ್ಳ ಕಾಣುತ್ತಿತ್ತು. ವೇಗ ಕಡಿಮೆ ಮಾಡಿದ.